ಡ್ಯೂಟಿ ಚಾರ್ಟ್ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಡ್ಯೂಟಿ ಚಾರ್ಟ್ ಬರೆಯುವ ಎಲ್ಲರಿಗೂ ನಮಸ್ಕಾರ.

ನೀವು ಆಸ್ಪತ್ರೆಯಲ್ಲಿರಬಹುದು, ಕಾರ್ಖಾನೆಯಲ್ಲಿರಬಹುದು, ಕಾಲ್ ಸೆಂಟರಿನಲ್ಲಿರಬಹುದು. ಸೆಕ್ಯೂರಿಟಿಯವರ ಪಾಳಿ ಹಾಕುವವರಿರಬಹುದು, ಶಾಲೆಯ ಟೈಂಟೇಬಲ್ ಮಾಡುವವರಿರಬಹುದು. ಯಾರು ಎಷ್ಟು ಗಂಟೆಗೆ ಏಳಬೇಕು, ಎಷ್ಟು ಗಂಟೆಗೆ ಮನೆ ಸೇರಬೇಕು ಅನ್ನುವುದು ನಿಮ್ಮ ಒಂದು ಹಾಳೆಯಿಂದ ತೀರ್ಮಾನವಾಗುತ್ತದೆ. ಅಂಥ ಹಾಳೆಯನ್ನು ನಾನೂ ಹನ್ನೊಂದು ವರ್ಷ ಬರೆದಿದ್ದೇನೆ, 24 ಗಂಟೆಯೂ ಬಾಗಿಲು ಮುಚ್ಚದ ಒಂದು ಕಡೆ. ಎಡಗಡೆ ಹೆಸರು, ಮೇಲೆ ತಾರೀಖು, ನಡುವಿನ ಚೌಕಗಳಲ್ಲಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ತಿಂಗಳ ಕೊನೆಗೆ ಒಂದು ಚೌಕವೂ ಖಾಲಿ ಉಳಿದಿಲ್ಲ ಅಂದರೆ ನನಗೆ ಎಲ್ಲಿಲ್ಲದ ಖುಷಿ. ಆ ಜನ ಯಾವಾಗ ಮಲಗುತ್ತಾರೆ ಅಂತ ಬರೆಯಲು ಚಾರ್ಟಿನಲ್ಲಿ ಜಾಗ ಇರಲಿಲ್ಲ. ಇರಬೇಕಿತ್ತು ಅಂತ ನನ್ನ ತಲೆಗೂ ಬರಲಿಲ್ಲ.

ಈಗ ಈ ಪತ್ರ ಬರೆಯಲು ಕಾರಣ ಒಂದು ಮೆಮೊ.

ನಮ್ಮಲ್ಲಿ ಒಬ್ಬರಿದ್ದರು. ವಯಸ್ಸು ನಲವತ್ತೈದರ ಆಸುಪಾಸು. ಕೈ ಕೆಲಸದಲ್ಲಿ ಅಚ್ಚುಕಟ್ಟು, ಯಾರಿಗೂ ಎದುರಾಡಿದವರಲ್ಲ. ಆದರೆ ಕೂತಲ್ಲಿ ತೂಕಡಿಸುತ್ತಿದ್ದರು. ಮೀಟಿಂಗಿನಲ್ಲಿ, ಬಸ್ಸಿನಲ್ಲಿ, ಒಮ್ಮೆಯಂತೂ ಫೋನಿನಲ್ಲಿ ಮಾತಾಡುತ್ತಲೇ. ಎಲ್ಲರೂ ಸೇರಿ ಅವರಿಗೆ ಕುಂಭಕರ್ಣ ಅಂತ ಹೆಸರಿಟ್ಟಿದ್ದರು. ನಾನೂ ನಕ್ಕಿದ್ದೇನೆ. ಎರಡನೇ ಸಲ ರಾತ್ರಿ ಪಾಳಿಯಲ್ಲಿ ನಿದ್ದೆ ಮಾಡಿ ಸಿಕ್ಕಿಬಿದ್ದಾಗ ನಾನೇ ಮೆಮೊ ಟೈಪ್ ಮಾಡಿಸಿದೆ. ಸಹಿ ಹಾಕುವಾಗ ಅವರು ಒಂದೇ ಮಾತು ಹೇಳಿದರು: 'ಎಂಟು ಗಂಟೆ ಮಲಗಿದ್ರೂ ಮಲಗಿದ ಹಾಗೇ ಇರಲ್ಲ ಸಾರ್.'

ನೆಪ ಹೇಳುತ್ತಿದ್ದಾರೆ ಅಂದುಕೊಂಡೆ. ಅವರು ಹೇಳಿದ್ದು ರೋಗದ ಲಕ್ಷಣ. ಯಾವುದೇ ನಿದ್ದೆಯ ಡಾಕ್ಟರು ಆ ಒಂದು ವಾಕ್ಯ ಕೇಳಿದ ಕೂಡಲೇ ಮುಂದಿನ ಪ್ರಶ್ನೆ ಕೇಳುತ್ತಿದ್ದರು: 'ಗೊರಕೆ ಹೊಡೀತೀರಾ?'

ಎರಡು ವರ್ಷದ ನಂತರ ಅವರ ಹೆಂಡತಿ ಹಟ ಹಿಡಿದು ಪರೀಕ್ಷೆ ಮಾಡಿಸಿದರು. ಒಂದು ರಾತ್ರಿ ಮೈಗೆಲ್ಲ ವೈರು ಅಂಟಿಸಿಕೊಂಡು ಮಲಗಿದ್ದಾಯಿತು. ಗಂಟೆಗೆ ನಲವತ್ತಕ್ಕೂ ಜಾಸ್ತಿ ಸಲ ಅವರ ಉಸಿರು ಕಟ್ಟುತ್ತಿತ್ತು. ಸ್ಲೀಪ್ ಆಪ್ನಿಯಾ ಅಂತ ಅದರ ಹೆಸರು. ನಿದ್ದೆ ಹತ್ತಿದ ಮೇಲೆ ಗಂಟಲಿನ ಸ್ನಾಯು ಸಡಿಲಗೊಳ್ಳುತ್ತದೆ. ಅದು ಎಲ್ಲರಿಗೂ ಆಗುವುದೇ. ಕೆಲವರಲ್ಲಿ ಉಸಿರಿನ ದಾರಿ ಕುಸಿದು ಮುಚ್ಚಿಯೇ ಹೋಗುತ್ತದೆ. ಹತ್ತು ಸೆಕೆಂಡು, ಒಮ್ಮೊಮ್ಮೆ ಅರ್ಧ ನಿಮಿಷ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಬಿದ್ದು ಎಬ್ಬಿಸುತ್ತದೆ. ಒಂದು ದೊಡ್ಡ ಗೊರಕೆ, ಏದುಸಿರು, ಮತ್ತೆ ನಿದ್ದೆ. ಮಲಗಿದವರಿಗೆ ಇದ್ಯಾವುದೂ ನೆನಪಿರುವುದಿಲ್ಲ. ಹಾಸಿಗೆಯಲ್ಲಿ ಎಂಟು ಗಂಟೆ ಇದ್ದದ್ದು ನಿಜ, ಆದರೆ ಆ ಎಂಟು ಗಂಟೆ ಚೂರು ಚೂರಾಗಿರುತ್ತದೆ. ಗಂಟೆಗೆ 5 ಸಲ ದಾಟಿದರೆ ಡಾಕ್ಟರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. 30 ದಾಟಿದರೆ ತೀವ್ರ.

ಇದು ಅಪರೂಪದ ಕಾಯಿಲೆ ಅಲ್ಲ. 2019ರ ಒಂದು ಅಂದಾಜಿನ ಪ್ರಕಾರ ಜಗತ್ತಿನಲ್ಲಿ 30ರಿಂದ 69 ವರ್ಷದೊಳಗಿನ 93 ಕೋಟಿಗೂ ಜಾಸ್ತಿ ಜನರಿಗೆ ಇದು ಸ್ವಲ್ಪವೋ ಬಹಳವೋ ಇದೆ. ಬಹುಪಾಲು ಜನರಿಗೆ ತಮಗಿದೆ ಅಂತಲೇ ಗೊತ್ತಿಲ್ಲ. ದಪ್ಪಗಿರುವ ಗಂಡಸರಿಗೆ ಮಾತ್ರ ಬರುತ್ತದೆ ಅನ್ನುವುದೂ ತಪ್ಪು. ತೆಳ್ಳಗಿದ್ದವರಿಗೂ ಬರುತ್ತದೆ. ಹೆಂಗಸರಲ್ಲಿ ಗೊರಕೆಗಿಂತ ಸುಸ್ತು, ತಲೆನೋವು, ನಿದ್ದೆ ಬಾರದಿರುವುದು ಜಾಸ್ತಿ ಕಾಣಿಸುವುದರಿಂದ ಅವರ ಕಾಯಿಲೆ ಇನ್ನೂ ತಡವಾಗಿ ಗೊತ್ತಾಗುತ್ತದೆ. ಚಿಕಿತ್ಸೆ ಇದೆ. 1981ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್ ಮೂಗಿನ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಬಿಡುವ ಯಂತ್ರವನ್ನು ಜಗತ್ತಿಗೆ ತೋರಿಸಿದರು. ಗಾಳಿಯ ಒತ್ತಡಕ್ಕೆ ಗಂಟಲು ಮುಚ್ಚಿಕೊಳ್ಳುವುದಿಲ್ಲ. ನಮ್ಮವರು ಅದನ್ನು ಹಾಕಿಕೊಂಡು ಮಲಗಲು ಶುರುಮಾಡಿದ ವಾರ ಫೋನ್ ಮಾಡಿದ್ದರು. ಬೆಳಗ್ಗೆ ಎದ್ದಾಗ ಬೆಳಗಾಗಿದೆ ಅನಿಸಿ ಎಷ್ಟು ವರ್ಷವಾಗಿತ್ತೋ ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಅಲ್ಲಿಂದ ಓದಲು ಕೂತೆ. ನಾನು ಡಾಕ್ಟರಲ್ಲ. ಆದರೆ ಜನರ ನಿದ್ದೆಯ ಸಮಯವನ್ನು ಹನ್ನೊಂದು ವರ್ಷ ಹಂಚಿದವನು ಆ ನಿದ್ದೆ ಹೇಗೆ ಬರುತ್ತದೆ ಅಂತ ಒಂದು ಪುಟವೂ ಓದಿರಲಿಲ್ಲವಲ್ಲ ಅಂತ ನಾಚಿಕೆಯಾಯಿತು.

ತಿಳಿದದ್ದು ಇಷ್ಟು. ನಿದ್ದೆಯನ್ನು ಎರಡು ಸಂಗತಿ ಸೇರಿ ನಡೆಸುತ್ತವೆ. 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಅನ್ನುವ ವಿಜ್ಞಾನಿ ಇದನ್ನು ಬಿಡಿಸಿ ಹೇಳಿದರು. ಒಂದು ಸಾಲದ ಲೆಕ್ಕ, ಇನ್ನೊಂದು ಗಡಿಯಾರ. ಎದ್ದ ಕ್ಷಣದಿಂದ ಮೆದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಜಾಸ್ತಿ ಹೊತ್ತು ಎಚ್ಚರ ಇದ್ದಷ್ಟೂ ಜಾಸ್ತಿ ಸಾಲ. ಮಲಗಿದರೆ ತೀರುತ್ತದೆ. ಕಾಫಿ, ಟೀ ಈ ಸಾಲ ತೀರಿಸುವುದಿಲ್ಲ. ಸಾಲ ಕೊಟ್ಟವನು ಬಾಗಿಲು ಬಡಿಯುವ ಸದ್ದು ನಮಗೆ ಕೇಳದ ಹಾಗೆ ಮಾಡುತ್ತದೆ, ಅಷ್ಟೆ. ಅದರ ಕೆಫೀನು ಅರ್ಧ ಇಳಿಯಲು ಹೆಚ್ಚುಕಮ್ಮಿ ಐದು ಗಂಟೆ ಬೇಕು. ಮಲಗುವುದಕ್ಕೆ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನು ಕೊಟ್ಟರೂ ಆ ರಾತ್ರಿಯ ನಿದ್ದೆ ಒಂದು ಗಂಟೆಗೂ ಜಾಸ್ತಿ ಕಡಿಮೆಯಾಗುತ್ತದೆ ಅಂತ 2013ರ ಒಂದು ಪ್ರಯೋಗ ತೋರಿಸಿತು. ನಮ್ಮ ರಾತ್ರಿ ಪಾಳಿಯವರಿಗೆ ಬೆಳಗಿನ ಜಾವ ನಾಲ್ಕಕ್ಕೆ ಅಂತಲೇ ಒಂದು ಕಾಫಿ ಮಷಿನ್ ಹಾಕಿಸಿದ್ದೆ. ಎಂಟಕ್ಕೆ ಮನೆಗೆ ಹೋಗಿ ಮಲಗಬೇಕಾದವರಿಗೆ! ಅದಕ್ಕೆ ನನಗೆ ಚಪ್ಪಾಳೆ ಬೇರೆ ಸಿಕ್ಕಿತ್ತು.

ಇನ್ನು ಗಡಿಯಾರ. ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ ಸುಮಾರು 20,000 ಜೀವಕೋಶಗಳ ಒಂದು ಪುಟ್ಟ ಗಂಟು ಇದೆ. ಮೈಯ ಬಿಸಿ, ಹಾರ್ಮೋನು, ಹಸಿವು, ಎಚ್ಚರ ಎಲ್ಲದಕ್ಕೂ ಅದೇ ಹೊತ್ತು ಹೇಳುವುದು. ಈ ಗಡಿಯಾರ ಜೀವಕೋಶದ ಒಳಗೆ ಹೇಗೆ ಓಡುತ್ತದೆ ಅಂತ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಬಿಟ್ಟರೆ ಅದು 24 ಗಂಟೆಗಿಂತ ಸ್ವಲ್ಪ ನಿಧಾನವಾಗಿ ಓಡುತ್ತದೆ. ದಿನಾ ಬೆಳಗಿನ ಬೆಳಕು ಕಣ್ಣಿಗೆ ಬಿದ್ದು ಅದನ್ನು ಸರಿಮಾಡುತ್ತದೆ.

ರಾತ್ರಿ ಪಾಳಿಯವರ ಕಷ್ಟ ಇಲ್ಲೇ ಇರುವುದು. ಬೆಳಗ್ಗೆ ಮನೆಗೆ ಹೊರಟಾಗ ಸಾಲ ಬೆಟ್ಟದಷ್ಟಿರುತ್ತದೆ. ದಾರಿಯಲ್ಲಿ ಬಿಸಿಲು ಮುಖಕ್ಕೆ ಹೊಡೆದು ಗಡಿಯಾರಕ್ಕೆ 'ಬೆಳಗಾಯಿತು, ಏಳು' ಅನ್ನುತ್ತದೆ. ಮಲಗುತ್ತಾರೆ, ಆದರೆ ಗಡಿಯಾರ ಮಧ್ಯಾಹ್ನಕ್ಕೆ ಎಬ್ಬಿಸಿಬಿಡುತ್ತದೆ. ಅದಕ್ಕೇ ಹಗಲಿನ ನಿದ್ದೆ ರಾತ್ರಿಯ ನಿದ್ದೆಗಿಂತ ಸಾಮಾನ್ಯವಾಗಿ ಎರಡು ಮೂರು ಗಂಟೆ ಕಡಿಮೆ. ಜೊತೆಗೆ ಕಾಲಿಂಗ್ ಬೆಲ್, ಮಕ್ಕಳ ಗಲಾಟೆ, ಪಕ್ಕದಲ್ಲಿ ಗೋಡೆ ಕೊರೆಯುವ ಸದ್ದು. 'ಇಡೀ ದಿನ ಮನೆಯಲ್ಲೇ ಇರ್ತೀರಲ್ಲ' ಅನ್ನುವ ಮಾತು ಬೇರೆ.

ನನ್ನ ಚಾರ್ಟಿನ ಕಥೆ ಕೇಳಿ. ಮೊದಲ ವಾರ ರಾತ್ರಿ, ಮುಂದಿನ ವಾರ ಮಧ್ಯಾಹ್ನ, ಆಮೇಲೆ ಬೆಳಗ್ಗೆ, ಹೀಗೆ ಹಿಂದಕ್ಕೆ ತಿರುಗಿಸುತ್ತಿದ್ದೆ. ಯಾಕೆ? ಹಾಗೆ ಮಾಡಿದರೆ ವಾರದ ರಜೆ ಹಾಳೆಯಲ್ಲಿ ನೇರವಾಗಿ ಕೂರುತ್ತಿತ್ತು. ಬೇರೆ ಕಾರಣ ಇಲ್ಲ. ಮೈಯ ಗಡಿಯಾರ ನಿಧಾನದ್ದು ಅಂದೆನಲ್ಲ, ಅದಕ್ಕೆ ತಡವಾಗಿ ಮಲಗು ಅಂದರೆ ಹೇಗೋ ಹೊಂದಿಕೊಳ್ಳುತ್ತದೆ, ಬೇಗ ಮಲಗು ಅಂದರೆ ಕೇಳುವುದಿಲ್ಲ. ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಹೋಗುವುದು ಸುಲಭ. ನಾನು ಮಾಡುತ್ತಿದ್ದದ್ದು ಪೂರಾ ಉಲ್ಟಾ. ಇದೇನು ಹೊಸ ವಿಷಯವೂ ಅಲ್ಲ. ಅಮೆರಿಕದ ಯೂಟಾದ ಒಂದು ಖನಿಜ ಕಾರ್ಖಾನೆಯಲ್ಲಿ ಪಾಳಿಯನ್ನು ಮುಂದಕ್ಕೆ ತಿರುಗಿಸಿ, ವಾರಕ್ಕೊಮ್ಮೆ ಬದಲಿಸುವ ಬದಲು ಮೂರು ವಾರಕ್ಕೊಮ್ಮೆ ಬದಲಿಸಿ ನೋಡಿದರು. ಕೆಲಸಗಾರರಿಗೂ ಹಿತವಾಯಿತು, ಉತ್ಪಾದನೆಯೂ ಏರಿತು. ಅದು ಅಚ್ಚಾದದ್ದು 1982ರಲ್ಲಿ. ನಾನು ಮೊದಲ ಚಾರ್ಟ್ ಬರೆಯುವ ಹೊತ್ತಿಗೆ ಅದು ಹಳೆಯ ಸುದ್ದಿ.

ಇನ್ನೊಂದು ಪಾಪ. ರಾತ್ರಿ ಹತ್ತಕ್ಕೆ ಪಾಳಿ ಮುಗಿಸಿದವರನ್ನು ಬೆಳಗ್ಗೆ ಆರಕ್ಕೆ ಕರೆಯುತ್ತಿದ್ದೆ. ಕೇಳಿದರೆ 'ಎಂಟು ಗಂಟೆ ರೆಸ್ಟ್ ಇದೆಯಲ್ಲ' ಅನ್ನುತ್ತಿದ್ದೆ. ಮನೆ ಸೇರಲು ಒಂದು ಗಂಟೆ, ಕೈಕಾಲು ತೊಳೆದು ಉಣ್ಣಲು ಮುಕ್ಕಾಲು ಗಂಟೆ, ಬೆಳಗ್ಗೆ ಹೊರಡಲು ಒಂದೂವರೆ. ಉಳಿದದ್ದು ಎಷ್ಟು? ಐದು ಗಂಟೆಯೂ ಇಲ್ಲ. ಅದರಲ್ಲೂ 'ಅಲಾರ್ಮ್ ಕೇಳಿಸದಿದ್ದರೆ?' ಅನ್ನುವ ಹೆದರಿಕೆಯಲ್ಲಿ ಅರ್ಧ ಎಚ್ಚರ. ಯುರೋಪಿಯನ್ ಒಕ್ಕೂಟದ ಕೆಲಸದ ಸಮಯದ ನಿಯಮ ದಿನಕ್ಕೆ ಸತತ 11 ಗಂಟೆ ಬಿಡುವು ಕೊಡಬೇಕು ಅನ್ನುತ್ತದೆ. ಮೊದಲು ಓದಿದಾಗ ಅತಿಯಾಯಿತು ಅನಿಸಿತ್ತು. ಮೇಲಿನ ಲೆಕ್ಕವನ್ನು ಪೆನ್ನಿನಲ್ಲಿ ಬರೆದು ನೋಡಿದ ಮೇಲೆ ಹಾಗನಿಸಲಿಲ್ಲ.

'ಅಭ್ಯಾಸ ಆಗುತ್ತೆ ಬಿಡಿ' ಅಂತ ಹೇಳುವವರು ಇದನ್ನು ದಯವಿಟ್ಟು ಓದಿ. 2003ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಆರೋಗ್ಯವಾಗಿದ್ದ ಜನರನ್ನು 14 ದಿನ ಬೇರೆ ಬೇರೆ ಗುಂಪು ಮಾಡಿ ರಾತ್ರಿಗೆ 8, 6, 4 ಗಂಟೆ ಮಲಗಿಸಿದರು. ದಿನಾ ಗಮನದ ಪರೀಕ್ಷೆ. ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರು ಎರಡು ವಾರದ ಕೊನೆಗೆ ಒಂದೆರಡು ರಾತ್ರಿ ಪೂರ್ತಿ ಎಚ್ಚರವಿದ್ದವರ ಮಟ್ಟಕ್ಕೆ ಇಳಿದಿದ್ದರು. ನನ್ನನ್ನು ಹೆದರಿಸಿದ್ದು ಅದಲ್ಲ. ನಿದ್ದೆ ಬರುತ್ತಿದೆಯಾ ಅಂತ ಕೇಳಿದರೆ, ಮೊದಲ ಕೆಲವು ದಿನ ಹೌದು ಅಂದವರು ಆಮೇಲೆ 'ಪರವಾಗಿಲ್ಲ' ಅನ್ನತೊಡಗಿದರು. ಪರೀಕ್ಷೆಯ ಅಂಕ ಇಳಿಯುತ್ತಲೇ ಇತ್ತು. ಅಂದರೆ ಅಭ್ಯಾಸ ಆಗುವುದು ನಿದ್ದೆಗೆಡುವುದಲ್ಲ, ಮಂಕಾಗಿರುವುದು. 'ನನಗೆ ಐದೇ ಗಂಟೆ ಸಾಕು' ಅಂತ ಎದೆ ತಟ್ಟಿಕೊಳ್ಳುವ ಮೇಲಧಿಕಾರಿಗಳನ್ನು ಕಂಡರೆ ಈಗ ನನಗೆ ಮೊದಲಿನ ಗೌರವ ಬರುವುದಿಲ್ಲ. ವಯಸ್ಕರಿಗೆ ಕನಿಷ್ಠ 7 ಗಂಟೆ ಬೇಕು ಅಂತ ನಿದ್ದೆಯ ತಜ್ಞರು ಹೇಳುವುದು ಸುಮ್ನೆ ಅಲ್ಲ.

ಬೆಳಗ್ಗೆ ಎದ್ದು 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05 ಮದ್ಯ ಇದ್ದವರಷ್ಟಕ್ಕೆ ಇಳಿಯುತ್ತದೆ ಅಂತ 1997ರ ಒಂದು ಅಧ್ಯಯನ ಹೇಳಿತು. ಎಷ್ಟೋ ದೇಶಗಳಲ್ಲಿ ಅಷ್ಟು ಕುಡಿದರೆ ಗಾಡಿ ಓಡಿಸುವ ಹಾಗಿಲ್ಲ. ಕುಡಿದು ಬಂದವರನ್ನು ಗೇಟಿನಲ್ಲೇ ವಾಪಸ್ ಕಳಿಸುತ್ತೇವೆ. ಡಬಲ್ ಡ್ಯೂಟಿ ಮಾಡಿದವರಿಗೆ ಶಭಾಷ್ ಅನ್ನುತ್ತೇವೆ. 2004ರಲ್ಲಿ ಹೊಸ ಡಾಕ್ಟರುಗಳ ಮೇಲೆ ನಡೆದ ಅಧ್ಯಯನದಲ್ಲಿ, 24 ಗಂಟೆ ದಾಟುವ ಹಳೆಯ ಪಾಳಿಯಲ್ಲಿ ಅವರು ಮಾಡಿದ ಗಂಭೀರ ತಪ್ಪುಗಳು ಕಡಿಮೆ ಗಂಟೆಯ ಪಾಳಿಗಿಂತ ಶೇ. 36ರಷ್ಟು ಜಾಸ್ತಿ ಇದ್ದವು. ತ್ರೀ ಮೈಲ್ ಐಲೆಂಡ್ ಅಣು ಸ್ಥಾವರದ ಅವಘಡ ಶುರುವಾದದ್ದು 1979ರ ಮಾರ್ಚ್ 28ರ ಬೆಳಗಿನ ಜಾವ ನಾಲ್ಕಕ್ಕೆ. ಚೆರ್ನೋಬಿಲ್ 1986ರ ಏಪ್ರಿಲ್ 26ರ ರಾತ್ರಿ 1.23ಕ್ಕೆ. ಎಲ್ಲ ತಪ್ಪನ್ನೂ ನಿದ್ದೆಯ ತಲೆಗೆ ಕಟ್ಟುವುದು ಸರಿಯಲ್ಲ, ಯಂತ್ರ, ವಿನ್ಯಾಸ, ತರಬೇತಿ ಎಲ್ಲ ಸೇರಿ ಆದದ್ದು. ಆದರೂ ಮನುಷ್ಯನ ಮೆದುಳು ಅತಿ ಮಂದವಾಗಿರುವ ಹೊತ್ತಲ್ಲಿ ಮನುಷ್ಯನ ಮೇಲೆ ಅತಿ ದೊಡ್ಡ ಭಾರ ಬಿದ್ದಿತ್ತು ಅನ್ನುವುದನ್ನು ಮರೆಯಬಾರದು.

ನಮ್ಮಲ್ಲೂ ಒಂದು ಆಯಿತು, ಸಣ್ಣದು. ಸತತ ಆರನೇ ರಾತ್ರಿ ಪಾಳಿ ಮುಗಿಸಿ ಹೊರಟ ಹುಡುಗ ಬೈಕನ್ನು ರಸ್ತೆಯ ಡಿವೈಡರಿಗೆ ಹೊಡೆದ. ಪುಣ್ಯಕ್ಕೆ ಕೈ ಮುರಿದದ್ದರಲ್ಲಿ ಮುಗಿಯಿತು. ಬ್ರೇಕ್ ಹಾಕಿದ ಗುರುತೇ ರಸ್ತೆಯಲ್ಲಿರಲಿಲ್ಲ. ಇಂಥ ಜೊಂಪು ಎರಡು ಮೂರು ಸೆಕೆಂಡಿನದು, ಕಣ್ಣು ತೆರೆದಿದ್ದರೂ ಬರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ಅಂದರೆ 50 ಮೀಟರ್. ವರದಿಯ ಕಾರಣದ ಕಾಲಂನಲ್ಲಿ ನಾನು ಬರೆದದ್ದು 'ಅಜಾಗರೂಕತೆ'. ಆರು ರಾತ್ರಿ ಒಟ್ಟಿಗೆ ಹಾಕಿದ ಅಜಾಗರೂಕತೆ ಯಾರದು ಅಂತ ಆ ಫಾರಂ ಕೇಳಲಿಲ್ಲ.

ಎಲ್ಲವೂ ಚಾರ್ಟಿನಿಂದಲೇ ಆಗುತ್ತದೆ ಅಂತ ಹೇಳುತ್ತಿಲ್ಲ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕೆಲಸ ಮಾಡುವವರೂ ರಾತ್ರಿಯಿಡೀ ಮಗ್ಗುಲು ಬದಲಿಸುತ್ತಾರೆ. ನಾನೂ ಬದಲಿಸಿದ್ದೇನೆ. 'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಅನ್ನುವ ಗಾದೆ ಇದೆಯಲ್ಲ, ಅದರಲ್ಲಿ ಅರ್ಧ ನಿಜ ಇದೆ. ಬಡ್ತಿ ಸಿಕ್ಕ ವರ್ಷ ನನಗೆ ರಾತ್ರಿ ಮೂರಕ್ಕೆ ಎಚ್ಚರವಾಗತೊಡಗಿತು. ಕೂಡಲೇ ಫೋನ್ ತೆಗೆದು ಗಂಟೆ ನೋಡುವುದು. ಏಳಲು ಇನ್ನು ಮೂರೇ ಗಂಟೆ ಅಂತ ಎಣಿಸುವುದು. ಎಣಿಸಿದಷ್ಟೂ ಎದೆ ಡವಡವ. ಆಮೇಲೆ ಕಳೆದ ನಿದ್ದೆ ತುಂಬಿಸಿಕೊಳ್ಳೋಣ ಅಂತ ಎಂಟೂವರೆಗೇ ಹಾಸಿಗೆಗೆ ಹೋಗಲು ಶುರುಮಾಡಿದೆ. ಅದು ಇನ್ನೂ ಕೆಟ್ಟಿತು. ಹತ್ತು ಗಂಟೆ ಹಾಸಿಗೆಯಲ್ಲಿ ಬಿದ್ದುಕೊಂಡು ಐದು ಗಂಟೆ ಮಲಗುತ್ತಿದ್ದೆ. ಸೋಫಾದ ಮೇಲೆ ಕಣ್ಣು ಎಳೆಯುತ್ತಿತ್ತು, ದಿಂಬಿಗೆ ತಲೆ ಕೊಟ್ಟ ಕೂಡಲೇ ಪೂರ್ತಿ ಎಚ್ಚರ.

ಇದು ತುಂಬಾ ಜನರ ಕಥೆ ಅಂತ ಆಮೇಲೆ ಗೊತ್ತಾಯಿತು. ಶುರುವಾಗುವುದು ಯಾವುದೋ ಚಿಂತೆಯಿಂದ, ಸಾವಿನಿಂದ, ಕಾಯಿಲೆಯಿಂದ. ಅದು ಮುಗಿದ ಮೇಲೂ ನಿದ್ದೆ ವಾಪಸ್ ಬರುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ಮೆದುಳು ಹಾಸಿಗೆ ಅಂದರೆ ಹೊರಳಾಡುವ ಜಾಗ ಅಂತ ಕಲಿತುಬಿಟ್ಟಿರುತ್ತದೆ. ವಾರಕ್ಕೆ ಮೂರು ರಾತ್ರಿಯಾದರೂ ಹೀಗೆ ಮೂರು ತಿಂಗಳು ನಡೆದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. 1972ರಲ್ಲಿ ರಿಚರ್ಡ್ ಬೂಟ್ಜಿನ್ ಅನ್ನುವ ಮನಃಶಾಸ್ತ್ರಜ್ಞರು ಇದಕ್ಕೆ ಕೊಟ್ಟ ಮದ್ದು ಕೇಳಲು ತಮಾಷೆಯಾಗಿದೆ: ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಏಳಿ. ಬೇರೆ ಕಡೆ ಮಂದ ಬೆಳಕಿನಲ್ಲಿ ಕೂತಿರಿ. ಕಣ್ಣು ಎಳೆದಾಗ ಮಾತ್ರ ಹೋಗಿ. ಎಷ್ಟೇ ಮಲಗಿದ್ದರೂ ಬೆಳಗ್ಗೆ ಒಂದೇ ಹೊತ್ತಿಗೆ ಏಳಿ. ಇದರ ಜೊತೆ ಹಾಸಿಗೆಯ ಗಂಟೆಗಳನ್ನೇ ಕಡಿಮೆ ಮಾಡಿ ಆಮೇಲೆ ಮೆಲ್ಲಗೆ ಹೆಚ್ಚಿಸುವ ಕ್ರಮವೂ ಸೇರಿ, ಮಾತು ಮತ್ತು ಅಭ್ಯಾಸದ ಚಿಕಿತ್ಸೆಯೊಂದು ಬೆಳೆದಿದೆ. ನಿದ್ದೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಅನ್ನುವ ವೈದ್ಯರ ಸಂಘ 2016ರಲ್ಲಿ ಹೇಳಿತು. ನನಗೆ ಆರು ವಾರ ಹಿಡಿಯಿತು. ಮೊದಲ ಎರಡು ವಾರ ಬಹಳ ಕಷ್ಟ, ಸುಳ್ಳು ಹೇಳುವುದಿಲ್ಲ. ಅಪಸ್ಮಾರ ಇದ್ದವರು, ದೊಡ್ಡ ಯಂತ್ರ ನಡೆಸುವವರು ಹಾಸಿಗೆಯ ಗಂಟೆ ಕಡಿಮೆ ಮಾಡುವುದನ್ನು ಡಾಕ್ಟರನ್ನು ಕೇಳದೆ ಮಾಡಬಾರದು. ಬೇಗ ಮಾಡಿದ ಒಂದು ಒಳ್ಳೆ ಕೆಲಸ ಅಂದರೆ ಗಡಿಯಾರವನ್ನು ಗೋಡೆಯ ಕಡೆ ತಿರುಗಿಸಿದ್ದು.

ಗಾದೆಯ ಇನ್ನರ್ಧ ಮಾತ್ರ ತಪ್ಪು. ಸಂತೆಯಲ್ಲಿ ನಿದ್ದೆ ಬಂದರೂ ಅದು ಒಳ್ಳೆ ನಿದ್ದೆ ಆಗಿರುವುದಿಲ್ಲ. ಎಚ್ಚರವಾಗದಿದ್ದರೂ ಪ್ರತಿ ಹಾರ್ನಿಗೂ ಎದೆ ಬಡಿತ ಏರುತ್ತದೆ, ಆಳದ ನಿದ್ದೆ ಮೇಲಕ್ಕೆ ಬರುತ್ತದೆ. ಮನೆಯ ಹೊರಗೆ ರಾತ್ರಿಯ ಸದ್ದು 40 ಡೆಸಿಬಲ್ ದಾಟದಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಯುರೋಪಿಗೆ ಹೇಳಿತ್ತು. ಅದು ಗ್ರಂಥಾಲಯದೊಳಗಿನ ಸದ್ದಿನಷ್ಟು.

ಇನ್ನೂ ಹಲವು ಕಾರಣಗಳಿವೆ. ಸಂಜೆಯಾದರೆ ಕಾಲಲ್ಲಿ ಏನೋ ಹರಿದಂತಾಗಿ ಅಲ್ಲಾಡಿಸದೆ ಇರಲಾಗದ ತೊಂದರೆ, ಇದರ ಹಿಂದೆ ಎಷ್ಟೋ ಸಲ ಕಬ್ಬಿಣದ ಕೊರತೆ ಇರುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಕುದಿದು ಬೆವರುವುದು. ಪದೇ ಪದೇ ಮೂತ್ರಕ್ಕೆ ಏಳುವುದು. ಹುಳಿ ತೇಗು, ಕೀಲು ನೋವು, ಥೈರಾಯ್ಡ್, ಸ್ಟಿರಾಯ್ಡ್ ಮಾತ್ರೆ. 'ಒಂದು ಪೆಗ್ ಹಾಕಿದರೆ ಒಳ್ಳೆ ನಿದ್ದೆ' ಅನ್ನುವುದು ಬರೀ ಭ್ರಮೆ. ಬೇಗ ನಿದ್ದೆ ಹತ್ತುತ್ತದೆ ನಿಜ, ಅರ್ಧ ರಾತ್ರಿಯ ಮೇಲೆ ಅದೇ ಮದ್ಯ ನಿದ್ದೆ ಒಡೆಯುತ್ತದೆ, ಗೊರಕೆ ಹೆಚ್ಚಿಸುತ್ತದೆ.

ಫೋನಿನ ಬಗ್ಗೆ ಒಂದು ಮಾತು. ಎಲ್ಲರೂ ಪರದೆಯ ನೀಲಿ ಬೆಳಕನ್ನು ಬೈಯುತ್ತಾರೆ. ನನ್ನ ಪ್ರಕಾರ ಬೆಳಕಿಗಿಂತ ಅದರಲ್ಲಿ ಬರುವ ಮೆಸೇಜು ಜಾಸ್ತಿ ಕೆಡಿಸುತ್ತದೆ. ರಾತ್ರಿ ಹನ್ನೊಂದಕ್ಕೆ ಗ್ರೂಪಿನಲ್ಲಿ 'ನಾಳೆ ಬೆಳಗ್ಗೆ ಬಂದು ನನ್ನನ್ನು ನೋಡಿ' ಅಂತ ಹಾಕುತ್ತೀರಲ್ಲ, ಅದನ್ನು ಓದಿದವರು ಮಲಗುತ್ತಾರೆ ಅಂದುಕೊಂಡಿರಾ? ನಾಳೆ ಹೇಳಬೇಕಾದ ಮಾತನ್ನು ನಾಳೆಯೇ ಹೇಳಿ.

ನಿದ್ದೆ ಕೆಟ್ಟರೆ ಮೊದಲು ಕೆಡುವುದು ಮನಸ್ಸು. ಒಂದು ರಾತ್ರಿ ನಿದ್ದೆಗೆಟ್ಟವರಿಗೆ ಬೇಸರ ತರುವ ಚಿತ್ರ ತೋರಿಸಿ ಮೆದುಳು ಸ್ಕ್ಯಾನ್ ಮಾಡಿದಾಗ, ಭಯ ಸಿಟ್ಟುಗಳ ಕೇಂದ್ರ ಮಾಮೂಲಿಗಿಂತ ಶೇ. 60ರಷ್ಟು ಜೋರಾಗಿ ಕೆರಳಿತ್ತು. ಇದು 2007ರ ಪ್ರಯೋಗ. ನನಗೆ ಅದು ನಮ್ಮ ದೂರು ಪುಸ್ತಕದ ಹಾಗೆ ಕಂಡಿತು. ಯಾರು ಯಾರಿಗೆ ಎದುರು ಮಾತಾಡಿದರು, ಯಾರು ಬಾಗಿಲು ದಡಾರ್ ಅನಿಸಿದರು, ಬಹುತೇಕ ರಾತ್ರಿ ಪಾಳಿಯ ವಾರದಲ್ಲೇ. ಸಿಡುಕು ಮನೆಗೂ ಹೋಗುತ್ತದೆ. ಮಕ್ಕಳ ಮೇಲೆ ರೇಗಿ, ಆಮೇಲೆ ಪಶ್ಚಾತ್ತಾಪದಲ್ಲಿ ಮತ್ತೆ ನಿದ್ದೆ ಬಿಡುವವರನ್ನು ನೋಡಿದ್ದೇನೆ. ಖಿನ್ನತೆ ಬಂದರೆ ನಿದ್ದೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಬಹಳ ದಿನ ನಿದ್ದೆ ಕೆಟ್ಟರೆ ಖಿನ್ನತೆ ಬರುವ ಸಾಧ್ಯತೆ ಏರುತ್ತದೆ ಅನ್ನುವುದು ಅಷ್ಟು ಜನರಿಗೆ ಗೊತ್ತಿಲ್ಲ.

ಆಮೇಲೆ ಮೈ. ರಾತ್ರಿ ವಾರ ಮುಗಿದ ಕೂಡಲೇ ನೆಗಡಿ ಅಂತ ರಜೆ ಕೇಳಿದವರನ್ನು ನಾನು ನಂಬುತ್ತಿರಲಿಲ್ಲ. 2009ರಲ್ಲಿ 153 ಜನರ ಮೂಗಿಗೆ ನೆಗಡಿಯ ವೈರಸ್ ಹಾಕಿ ನೋಡಿದಾಗ, 7 ಗಂಟೆಗಿಂತ ಕಡಿಮೆ ಮಲಗುತ್ತಿದ್ದವರಿಗೆ ನೆಗಡಿ ಬರುವ ಸಾಧ್ಯತೆ 8 ಗಂಟೆ ಮಲಗುವವರಿಗಿಂತ ಹತ್ತಿರ ಹತ್ತಿರ ಮೂರು ಪಟ್ಟು ಇತ್ತು. 1999ರಲ್ಲಿ 11 ಮಂದಿ ಆರೋಗ್ಯವಂತ ಯುವಕರನ್ನು ಆರು ರಾತ್ರಿ ನಾಲ್ಕೇ ಗಂಟೆ ಮಲಗಿಸಿದಾಗ ಸಕ್ಕರೆಯನ್ನು ಸಂಭಾಳಿಸುವ ಶಕ್ತಿ ಎದ್ದು ಕಾಣುವಷ್ಟು ಕುಸಿದಿತ್ತು. ಬರೀ ಆರು ರಾತ್ರಿ! ರಾತ್ರಿ ಪಾಳಿಯ ಕೆಲಸವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲೇ 'ಕ್ಯಾನ್ಸರ್ ತರಬಹುದಾದದ್ದು' ಅನ್ನುವ ಗುಂಪಿಗೆ ಸೇರಿಸಿದೆ, 2019ರಲ್ಲಿ ಮತ್ತೆ ನೋಡಿ ಅಲ್ಲೇ ಉಳಿಸಿದೆ. ಹೆದರಿಸಲು ಹೇಳುತ್ತಿಲ್ಲ. ರಾತ್ರಿ ಪಾಳಿ ಇಲ್ಲದೆ ಆಸ್ಪತ್ರೆ ನಡೆಯುವುದಿಲ್ಲ, ಕರೆಂಟು ಬರುವುದಿಲ್ಲ ಅಂತ ನನಗೂ ಗೊತ್ತು.

ಶಾಲೆಯ ಟೈಂಟೇಬಲ್ ಮಾಡುವವರೇ, ನಿಮಗೂ ಒಂದು ಪ್ಯಾರಾ. ಹದಿಹರೆಯದಲ್ಲಿ ಮೈಯ ಗಡಿಯಾರವೇ ತಡವಾಗಿ ಓಡತೊಡಗುತ್ತದೆ. ಹತ್ತಕ್ಕೆ ಮಲಗು ಅಂದರೆ ಅವರಿಗೆ ನಿದ್ದೆ ಬರುವುದೇ ಇಲ್ಲ, ಬೇಕಾದದ್ದು ಮಾತ್ರ 8ರಿಂದ 10 ಗಂಟೆ. ಏಳಕ್ಕೆ ಕ್ಲಾಸಿನಲ್ಲಿ ಕೂರಿಸಿ ಸೋಮಾರಿ ಅಂದರೆ ಹೇಗೆ? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ದೊಡ್ಡ ಮಕ್ಕಳ ಶಾಲೆ ಎಂಟೂವರೆಗೆ ಮೊದಲು ಶುರುವಾಗುವುದು ಬೇಡ ಅಂದಿತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲುಗಳಿಗೆ ಅದು ಕಾನೂನು.

ಹಾಗಾದರೆ ನಾನು ಕೇಳುವುದು ಏನು? ಮುಂದಿನ ತಿಂಗಳ ಚಾರ್ಟ್ ಬರೆಯುವಾಗ ಪಾಳಿಯನ್ನು ಮುಂದಕ್ಕೆ ತಿರುಗಿಸಿ. ಎರಡು ಪಾಳಿಗಳ ನಡುವೆ 11 ಗಂಟೆ ಬಿಡಿ. ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಚಾರ್ಟಿನ ಕೆಳಗೇ ಬರೆದು ಸಹಿ ಹಾಕಿ. ರಾತ್ರಿಗಳನ್ನು ಆರೇಳು ಒಟ್ಟಿಗೆ ಪೇರಿಸಬೇಡಿ. ಚಾರ್ಟನ್ನು ತಿಂಗಳ ಮೊದಲೇ ಕೊಡಿ, ಹಿಂದಿನ ರಾತ್ರಿ ಬದಲಿಸಬೇಡಿ. ರಾತ್ರಿ ಪಾಳಿಯವರಿಗೆ ಇಪ್ಪತ್ತು ನಿಮಿಷ ಒರಗಲು ಒಂದು ಕೋಣೆ ಕೊಡಿ. ದೂರದ ವಿಮಾನಗಳ ಪೈಲಟ್‌ಗಳ ಮೇಲೆ ನಾಸಾ ನಡೆಸಿದ ಪ್ರಯೋಗದಲ್ಲಿ ಸರಾಸರಿ 26 ನಿಮಿಷದ ಸಣ್ಣ ನಿದ್ದೆ ಎಚ್ಚರವನ್ನು ಚೆನ್ನಾಗಿ ಕಾಪಾಡಿತ್ತು. ಎದ್ದ ಮೇಲೆ ಮಂಪರು ಇಳಿಯಲು ಹತ್ತು ಹದಿನೈದು ನಿಮಿಷ ಬಿಡಬೇಕು, ಅಷ್ಟೆ. ಪೈಲಟ್ ಮಲಗಿದರೆ ವಿಜ್ಞಾನ, ವಾಚ್‌ಮನ್ ಮಲಗಿದರೆ ಮೆಮೊ, ಇದು ಯಾವ ನ್ಯಾಯ?

ಮತ್ತೆ, ತೂಕಡಿಸುವವರು ಕಂಡರೆ ಬೈಯುವ ಮೊದಲು ಎರಡು ಪ್ರಶ್ನೆ ಕೇಳಿ. 'ಕಳೆದ ವಾರ ನಾನು ನಿಮಗೆ ಯಾವ ಪಾಳಿ ಹಾಕಿದ್ದೆ?' ಇದು ಮೊದಲನೆಯದು, ಉತ್ತರ ನಿಮ್ಮ ಹಾಳೆಯಲ್ಲೇ ಇರುತ್ತದೆ. 'ಸಾಕಷ್ಟು ಮಲಗಿದರೂ ಸುಸ್ತು ಇರುತ್ತದೆಯಾ? ನೀವು ಮಲಗಿದಾಗ ಉಸಿರು ಕಟ್ಟಿದ ಹಾಗೆ ಆಗುತ್ತದೆ ಅಂತ ಮನೆಯವರು ಹೇಳಿದ್ದಾರಾ?' ಇದು ಎರಡನೆಯದು. ಹೌದು ಅಂದರೆ ಡಾಕ್ಟರ ಹತ್ತಿರ ಕಳಿಸಿ, ಆ ದಿನದ ರಜೆ ಹಿಡಿಯಬೇಡಿ.

ಮೆಮೊದ ವಿಷಯಕ್ಕೆ ಬರುತ್ತೇನೆ. ಆ ಹಾಳೆ ಇನ್ನೂ ಅವರ ಸರ್ವಿಸ್ ಫೈಲಿನಲ್ಲಿದೆ. ಅದರಿಂದ ಅವರ ಒಂದು ಬಡ್ತಿ ತಪ್ಪಿದೆ ಅಂತ ಈಚೆಗೆ ಗೊತ್ತಾಯಿತು. ಅದನ್ನು ತೆಗೆಯಬೇಕು, ತಪ್ಪು ನನ್ನದು, ಅವರಿಗಿದ್ದದ್ದು ಕಾಯಿಲೆ ಅಂತ ನನ್ನ ಹಳೆಯ ಆಫೀಸಿಗೆ ಎರಡು ಸಲ ಬರೆದಿದ್ದೇನೆ. ಪರೀಕ್ಷೆಯ ವರದಿಯ ಪ್ರತಿಯನ್ನೂ ಅವರನ್ನು ಕೇಳಿ ಲಗತ್ತಿಸಿದ್ದೇನೆ. ನಿವೃತ್ತರ ಪತ್ರಕ್ಕೆ ಉತ್ತರ ಬರುವುದು ತಡ. ಈ ವಾರ ಮೂರನೆಯದನ್ನು ಕಳಿಸುತ್ತಿದ್ದೇನೆ.

ಇಂತಿ,
ಹಿಂದೊಮ್ಮೆ ನಿಮ್ಮ ಕುರ್ಚಿಯಲ್ಲಿ ಕೂತಿದ್ದವನು